ಹೊಟ್ಟೆ ಸೀಳಿದ ಅಕ್ಷರ

ಮಾಚೇನಹಳ್ಳಿಯ ಫೌಂಡ್ರಿ ಹಿಂದೆ
ತಗಡಿನ ಸಾಲಿನಲ್ಲಿ ಹದಿನಾಲ್ಕನೆಯ ಬಾಗಿಲು.
ಕೊರಳಲ್ಲಿ ಗಣತಿಯ ಗುರುತಿನ ಚೀಟಿ,
ಕಂಕುಳಲ್ಲಿ ಫಾರಮ್ಮು, ನೆತ್ತಿಗೆ ಫೆಬ್ರವರಿ.

ಮನೆಯಲ್ಲಿ ಎಷ್ಟು ಜನ ಅಂದೆ.
ಹಮ್ ಬಾನೀ, ಅಂದ.
ಹೈಸ್ಕೂಲಿನಲ್ಲಿ ಕಲಿತ ನನ್ನ ಹಿಂದಿಯಲ್ಲಿ ಹಮ್ ಅಂದರೆ ನಾವು.
ಉಳಿದವರಿಗಾಗಿ ಒಳಗೆ ಇಣುಕಿದೆ:
ಒಂದು ಚಾಪೆ, ಒಂದು ತಟ್ಟೆ, ಸತ್ತುವಿನ ಡಬ್ಬಿ,
ಮೊಳೆಗೆ ನೇತುಬಿದ್ದ ಒಂದೇ ಅಂಗಿ.
ಅವನ ಮಾತಿನಲ್ಲಿ ಹಮ್ ಅಂದರೆ ನಾನು, ಅಷ್ಟೇ.

ಬಿಗನ್ ಬಿಂದ್. ನಲವತ್ತಾರು. ಎರಕದ ಅಚ್ಚು ಕಟ್ಟುವವ.
ಮದುವೆ? ಆಗಿದೆ. ಹೆಂಡತಿ ಎಲ್ಲಿ? ಅಲ್ಲಿ.
ಅಲ್ಲಿ ಅನ್ನುವಾಗೆಲ್ಲ ಅವನ ಗಲ್ಲ
ಈಶಾನ್ಯಕ್ಕೇ ತಿರುಗುತ್ತಿತ್ತು,
ಕಬ್ಬಿಣ ಕಂಡ ಸೂಜಿಗಲ್ಲಿನ ಹಾಗೆ.

ಹುಟ್ಟಿದ ಊರು?
ಅದಕ್ಕೆ ಅವನು ಹೊರಗೇ ಬಂದು ಕೂತ.
ಎರಕ ಹೊಯ್ದು ಸುಟ್ಟು ಎಸೆದ ಮರಳು
ಕಪ್ಪಗೆ ಗುಡ್ಡೆ ಬಿದ್ದಿತ್ತು.
ಅಂಗೈಯಲ್ಲಿ ಸವರಿ ಸಮ ಮಾಡಿದ, ಕಸುಬಿನ ಕೈ,
ಒಂದು ಸುಕ್ಕಿಲ್ಲ.
ಬೆರಳಲ್ಲಿ ಗಂಗೆ ಎಳೆದ. ಮೇಲಿನಿಂದ ಸರ್ಜೂ ಬಂದಳು,
ಆಚೆಯಿಂದ ಗಂಡಕಿ, ಕೆಳಗಿನಿಂದ ಸೋನ್.
ಈ ಕಡೆ ಬಲಿಯಾ, ಆ ಕಡೆ ಛಪ್ರಾ, ತೆಂಕಣಕ್ಕೆ ಆರಾ.
ಎರಡು ರಾಜ್ಯ, ಎರಡು ಸರ್ಕಾರ, ಮಾತು ಒಂದು;
ದೋಣಿ ದಾಟಿದರೆ ಬದಲಾಗುವುದು
ತಂಬಾಕಿನ ಬೆಲೆ ಮಾತ್ರ.

ಕೂಡ್ಲಿಯಲ್ಲಿ ಎರಡು ನದಿ ಕೂಡಿದ್ದಕ್ಕೇ
ಇಡೀ ಜಿಲ್ಲೆ ಕೈಮುಗಿಯುತ್ತೇವೆ ನಾವು.
ಇವನು ನಾಲ್ಕನ್ನು ಮೊಣಕಾಲ ಮುಂದೆ ಹರಿಯಬಿಟ್ಟು,
ಸರಿಯಪ್ಪ, ಊರೆಲ್ಲಿ ಅಂದರೆ
ಗೆರೆಯ ಮೇಲೇ ಬೆರಳಿಟ್ಟು
ಗಾಂವ್ ನದೀ ಮೇ ಬಾ, ಅಂದ.

ಬಾ.
ಅವರಲ್ಲಿ ಅದು ‘ಇದೆ’.
ನನ್ನ ಕಿವಿಗೆ ಅದು ಬೇರೇನೂ ಆಗಲಾರದು.
ಹೊಲ ಬಾ. ಎಮ್ಮೆ ಬಾ. ಎರಡು ಮಾವಿನ ಮರ ಬಾ.
ಇರುವುದನ್ನಷ್ಟೇ ಹೇಳುತ್ತ ಹೋದ ಪಾಪ,
ಪ್ರತಿ ಮಾತಿನ ತುದಿಗೂ
ಯಾರನ್ನೋ ಕರೆಯುವವನ ಹಾಗೆ.

ಭಾದ್ರಪದ ಬಂತೆಂದರೆ ಸರ್ಜೂ ದಂಡೆ ತಿನ್ನುತ್ತಾಳಂತೆ,
ತಿಂದದ್ದನ್ನು ಎದುರು ದಡದಲ್ಲಿ ಕಕ್ಕುತ್ತಾಳಂತೆ.
ಹಾಗೆ ಎದ್ದ ನೆಲಕ್ಕೆ ದಿಯರಾ ಅಂತ ಹೆಸರು.
ಅವನ ಅಪ್ಪನ ಹೊಲ ಬೇರೆ ಜಿಲ್ಲೆಯಲ್ಲಿ ಎದ್ದಿತು,
ಹೋಗಿ ನೋಡಿದರೆ ಲಾಠಿ ಹಿಡಿದು
ಬೇರೆಯವರು ನಿಂತಿದ್ದರು.

ನನ್ನ ಅಜ್ಜಿಯ ಊರೂ ನೀರಿನೊಳಗಿದೆ, ಶರಾವತಿಯ ಹಿನ್ನೀರಲ್ಲಿ.
ಆದರೆ ಅದು ಸಹಿ ಹಾಕಿಸಿಕೊಂಡು ಬಂದ ನೀರು,
ಬಂದದ್ದು ಅಲ್ಲೇ ಕೂತಿದೆ.
ಹೇಳಹೊರಟೆ; ಹಿಂದಿ ಸಾಲಲಿಲ್ಲ.

ಮುತ್ತಜ್ಜನ ತಮ್ಮ ಹಡಗು ಹತ್ತಿದ್ದ,
ಮಿರಿಚ್ ದೇಶಕ್ಕೆ, ಕಬ್ಬು ಕಡಿಯಲು. ಮತ್ತೆ ಕಾಗದವಿಲ್ಲ.
ಮೆಣಸಿನ ದೇಶ ಅಂದರೆ ನಮ್ಮದೇ ಅಲ್ಲವಾ, ಅಂತ ನಕ್ಕು
ಬಳ್ಳಿ ತೋರಿಸಲು ಸುತ್ತ ನೋಡಿದೆ:
ಚಿಮಣಿ, ಲಾರಿ, ಟೀ ಅಂಗಡಿ.
ಅವನು ನಗಲಿಲ್ಲ.
ಹೌದಾ? ಅಂತ ಕೇಳಿದ, ನಿಜವಾಗಿಯೂ ಕೇಳಿದ,
ಇಲ್ಲೆಲ್ಲಾದರೂ ಬಿಂದ್ ಅನ್ನುವವರು ಇದ್ದಾರಾ?

ಮಾತೃಭಾಷೆಯ ಕಾಲಂ ಬಂತು.
ಹಿಂದೀ ಲಿಖ್ ದೀಂ, ಅಂದ ಅವನೇ,
ಎಲ್ಲರೂ ಅದನ್ನೇ ಬರೆಯುವುದು.
ಫೋನಿನಲ್ಲಿ ಸೂಪರ್‌ವೈಸರ್:
ಹಾಕಿ ಮೇಡಂ, ಅದೆಲ್ಲ ಅದರೊಳಗೇ ಬರುತ್ತೆ,
ಇನ್ನೂ ಎಷ್ಟು ಮನೆ ಬಾಕಿ?

ನಿಮ್ಮಮ್ಮ ನಿನ್ನ ಬೈದದ್ದು ಯಾವುದರಲ್ಲಿ ಅಂದೆ.
ಆಗ ನಕ್ಕ, ಮೊದಲ ಸಲ,
ಒಂದು ಬೈಗುಳ ಪೂರ್ತಿ ಅಂದು ತೋರಿಸಿ
ತಾನೇ ನಾಚಿ ತಲೆ ಕೆರೆದುಕೊಂಡ.

ಬರೆದೆ: ಬೋಜಪುರಿ.
ಕತ್ತು ಚಾಚಿ ನೋಡಿದ. ಕನ್ನಡ ಅವನಿಗೆ ಬರಿಯ ಸುತ್ತು ಸುತ್ತು.
ಓದಿ, ಅಂದ. ಓದಿದೆ.
ಬೋ ಅಲ್ಲ,
ಭೋ, ಅಂದ. ಉಸಿರು ಫಾರಮಿನ ಮೇಲೆ ಬಿತ್ತು.
ಹತ್ತೊಂಬತ್ತು ವರ್ಷ ಎರಡನೇ ಕ್ಲಾಸಿನ ಮಕ್ಕಳ ಮೇಲೆ
ಹೊಟ್ಟೆ ಸೀಳ್ರೋ, ಹೊಟ್ಟೆ ಸೀಳ್ರೋ ಅಂತ
ಕಿರುಚಿದವಳು ನಾನೇ.
ಪೆನ್ನು ಒತ್ತಿ
ಸೀಳಿದೆ.

ಹದಿನೈದನೆಯ ಬಾಗಿಲಿಗೆ ಹೋಗಬೇಕಾದರೆ
ಸರ್ಜೂ ದಾಟಬೇಕಿತ್ತು.
ಸೀರೆ ಎತ್ತಿ ಹಿಡಿದು
ದಾಟಿದೆ.